ಒಣ ಕೊಳದಲ್ಲಿ ಟೇಪು ಹಿಡಿದು

ಏಣಿ ಅರ್ಧಕ್ಕೇ ಮುಗಿಯುತ್ತದೆ. ಸ್ಟೀಲಿನ ಕೊನೆಯ ಮೆಟ್ಟಿಲ ಮೇಲೆ ನಿಂತು ಕೆಳಗೆ ನೋಡಿದರೆ ಇನ್ನೂ ಎದೆಮಟ್ಟದಷ್ಟು ಬರಿಗಾಳಿ, ಅದರಡಿ ಒಣಪಾಚಿ ಹತ್ತಿದ ನೀಲಿ ನೆಲ. ಈಜುವವರಿಗೆಂದು ಮಾಡಿದ ಏಣಿ ಇದು. ನೀರೇ ಇಲ್ಲದ ದಿನ ಯಾರಾದರೂ ಅಳತೆ ತೆಗೆಯಲು ಇಳಿದಾರೆಂದು ಮಾಡಿದವರಿಗೆ ಹೊಳೆದಿರಲಿಕ್ಕಿಲ್ಲ. "ಅಲ್ಲಿಂದ ಬ್ಯಾಡಿ, ಈ ಕಡೆ ಬನ್ನಿ, ಮೆಟ್ಲಿದೆ" ಎಂದು ಮೇಸ್ತ್ರಿ ಕೊಳದೊಳಗಿಂದ ಕೂಗುತ್ತಾರೆ. ಕೂಗು ಎದುರುಗೋಡೆಗೆ ಬಡಿದು ಇನ್ನೊಮ್ಮೆ ಕೇಳಿಸುತ್ತದೆ.

ನೀವು ಮತ್ತೆ ಮೇಲೆ ಹತ್ತಿ, ಕೊಳದ ಅಂಚಿನಲ್ಲೇ ಸುತ್ತು ಹಾಕಿ, ಆಳ ಕಡಿಮೆಯಿರುವ ತುದಿಗೆ ಹೋಗುತ್ತೀರಿ. ದಕ್ಷಿಣ ಬೆಂಗಳೂರಿನ ಒಂದು ಹಳೆಯ ಕ್ಲಬ್ಬು ಇದು. ಏಪ್ರಿಲ್ ತಿಂಗಳ ಬೆಳಗಿನ ಏಳು ಗಂಟೆ. ಹತ್ತಾದ ಮೇಲೆ ಈ ನೆಲದ ಮೇಲೆ ಕಾಲಿಡಲಾಗುವುದಿಲ್ಲ, ಅಷ್ಟರೊಳಗೆ ಕೆಲಸ ಮುಗಿಯಬೇಕು. ಕೆಳಗೆ ಮೂವರಿದ್ದಾರೆ: ಕನಕಪುರದ ಕಡೆಯ ಮೇಸ್ತ್ರಿ, ಕಾಂಟ್ರಾಕ್ಟರ್ ಕಡೆಯಿಂದ ಬಂದಿರುವ ಎಳೆಯ ಸೈಟ್ ಎಂಜಿನಿಯರ್, ರಾಯಚೂರಿನಿಂದ ಬಂದ ಒಬ್ಬ ಹೆಲ್ಪರ್ ಹುಡುಗ. ಹುಡುಗನ ಕೈಯಲ್ಲಿ ಒಂದು ಕಂಬಿ ತುಂಡು. ಗೋಡೆಯುದ್ದಕ್ಕೂ ಟೈಲ್ಸಿಗೆ ತಟ್ಟುತ್ತ ಹೋಗುತ್ತಿದ್ದಾನೆ. ಗಟ್ಟಿಯಿದ್ದ ಕಡೆ ಟಣ್ ಎನ್ನುತ್ತದೆ, ಹಿಂದೆ ಪೊಳ್ಳಾದ ಕಡೆ ಡಬ್ ಎನ್ನುತ್ತದೆ. ಡಬ್ ಎಂದಲ್ಲೆಲ್ಲ ಸೀಮೆಸುಣ್ಣದ ಗುಂಡು ಗುರುತು. ಗುರುತುಗಳು ಎಷ್ಟಾಗಿವೆಯೆಂದರೆ ಎಣಿಸುವುದರಲ್ಲಿ ಅರ್ಥವಿಲ್ಲ. ಟೈಲ್ಸ್ ಪೂರ್ತಿ ಕಿತ್ತು ಹೊಸದು ಹಾಕಲೇಬೇಕು.

ನಿಮ್ಮ ಕೈಗೆ ಒಂದು ಉದ್ದನೆಯ ಪುಸ್ತಕ ಬರುತ್ತದೆ. "ನೀವು ಬರ್ಕಳಿ, ನಾವು ಹೇಳ್ತಾ ಹೋಯ್ತೀವಿ" ಎನ್ನುತ್ತಾರೆ ಮೇಸ್ತ್ರಿ. ಪುಟದ ಮೇಲ್ತುದಿಯಲ್ಲಿ ಆಗಲೇ ಒಂದು ಸಂಖ್ಯೆ ಇದೆ: 3,362. ಕ್ಲಬ್ಬಿನ ಕಾರ್ಯದರ್ಶಿ ಫೋನಿನಲ್ಲಿ ಕೊಟ್ಟ ಲೆಕ್ಕ ಅದು. ಕೊಳ 82 ಅಡಿ ಉದ್ದ, 41 ಅಡಿ ಅಗಲ, ಗುಣಿಸಿದರೆ 3,362 ಚದರಡಿ, ಅದಕ್ಕೆ ಕೊಟೇಶನ್ ಕಳಿಸಿ ಎಂದಿದ್ದರಂತೆ. ನೂರು ಚದರಡಿಗೆ ಒಂದು ಚದರ ಎಂಬ ಮನೆಕಟ್ಟುವವರ ಲೆಕ್ಕದಲ್ಲಿ ಮೂವತ್ಮೂರುವರೆ ಚದರ, ಮೇಲೆ ಚಿಲ್ಲರೆ.

"ಅದು ಮುಚ್ಚಳದ ಲೆಕ್ಕ" ಎಂದು ಮೇಸ್ತ್ರಿ ನಗುತ್ತಾರೆ. "ಪಾತ್ರೆ ಒಳಗಡೆ ಕಲಾಯಿ ಹಾಕೋಕೆ ಮುಚ್ಚಳ ಅಳ್ದ್ರೆ ಆಯ್ತದಾ?"

ಮೊದಲು ಉದ್ದ. ಹುಡುಗ ಟೇಪಿನ ಸೊನ್ನೆಯ ತುದಿಯನ್ನು ಗೋಡೆಗೆ ಒತ್ತಿ ಕೂರುತ್ತಾನೆ. ನೀವು ಇನ್ನೊಂದು ತುದಿಯತ್ತ ನಡೆಯುತ್ತೀರಿ. ಸಮತಟ್ಟಾದ ನೆಲವೆಂದೇ ಅನಿಸುತ್ತದೆ, ಆದರೆ ಪಾದಕ್ಕೆ ವಾಟ ಗೊತ್ತಾಗುತ್ತದೆ; ಹೆಜ್ಜೆ ತಾನಾಗಿಯೇ ಸ್ವಲ್ಪ ಬೇಗ ಬೀಳುತ್ತದೆ. ಅರ್ಧ ದಾಟಿ ಇನ್ನಷ್ಟು ಹೋದ ಮೇಲೆ ನೆಲ ಒಮ್ಮೆಲೆ ಬಾಗುತ್ತದೆ, ಹಿಮ್ಮಡಿ ಊರಿ ಇಳಿಯಬೇಕು. ಅಲ್ಲಿಂದ ಮುಂದೆ ಮತ್ತೆ ಮಟ್ಟ. ಈಗ ಗೋಡೆಗಳು ನಿಮ್ಮ ತಲೆಗಿಂತ ಎತ್ತರ. ಮೇಲೆ ಆಕಾಶ ಆಯತಾಕಾರದಲ್ಲಿ ಕತ್ತರಿಸಿದಂತಿದೆ. ನೀರಿನಲ್ಲಿ ತೇಲುತ್ತಿರುವಾಗ ಕೊಳಕ್ಕೆ ಇಂಥ ಗೋಡೆಗಳಿವೆಯೆಂದು ಯಾರ ಗಮನಕ್ಕೂ ಬರುವುದಿಲ್ಲ. ಅದಕ್ಕೇ ಇರಬೇಕು, ಫೋನಿನಲ್ಲಿ ಲೆಕ್ಕ ಕೊಡುವವರು ಅವನ್ನು ಮರೆಯುವುದು.

"ಟೇಪು ಎತ್ತಿ ಹಿಡೀಬ್ಯಾಡಿ, ಜೋಲ್ತದೆ" ಎಂಬ ಎಚ್ಚರಿಕೆ ಬರುತ್ತದೆ. ಜೋಲುವುದು ಸಣ್ಣ ಸಂಗತಿಯೇನಲ್ಲ. 25 ಮೀಟರ್ ಟೇಪು ನಡುವೆ 30 ಸೆಂಟಿಮೀಟರ್ ಜೋತುಬಿದ್ದರೆ ಉದ್ದ ಸುಮಾರು ಒಂದು ಸೆಂಟಿಮೀಟರ್ ಹೆಚ್ಚು ತೋರಿಸುತ್ತದೆ. ಕೊನೆಗೆ ಕೊಳದ ಮೇಲಂಚಿನ ಮಟ್ಟದ ದಂಡೆಯ ಮೇಲೆ ಟೇಪು ಮಲಗಿಸಿ ಎಳೆದು ಹಿಡಿದಾಗ ಎಂಜಿನಿಯರ್ ಓದುತ್ತಾಳೆ: 25 ಮೀಟರ್ 1 ಸೆಂಟಿಮೀಟರ್. ಅಗಲ ಹನ್ನೆರಡೂವರೆ ಮೀಟರ್. ಆರು ಲೇನು, ಒಂದೊಂದು ಎರಡು ಮೀಟರ್, ಎರಡೂ ಪಕ್ಕದಲ್ಲಿ ಕಾಲು ಕಾಲು ಮೀಟರ್ ಉಳಿಕೆ.

ಆ ಹೆಚ್ಚಿನ ಒಂದು ಸೆಂಟಿಮೀಟರನ್ನು ಲೆಕ್ಕಕ್ಕೆ ಬಿಟ್ಟುಬಿಡಿ ಎನ್ನುತ್ತಾಳೆ, ಆದರೆ ಪುಸ್ತಕದಲ್ಲಿ ಅದನ್ನು ಎರಡು ಗೆರೆ ಎಳೆದು ಗುರುತು ಮಾಡಿಸುತ್ತಾಳೆ. ಯಾಕೆಂದರೆ ಕ್ಲಬ್ಬಿನವರ ಇನ್ನೊಂದು ಸಲಹೆ ಇದೆ: ಹಳೆಯದನ್ನು ಕೀಳುವುದೇಕೆ, ಅದರ ಮೇಲೇ ಹೊಸ ಟೈಲ್ಸ್ ಅಂಟಿಸಿ. ಟೈಲ್ಸ್ 8 ಮಿಲಿಮೀಟರ್ ದಪ್ಪ, ಅಂಟು 4 ಮಿಲಿಮೀಟರ್. ಎರಡು ತುದಿ ಸೇರಿ 24 ಮಿಲಿಮೀಟರ್ ಒಳಗೆ ಬಂತು. ಕೊಳ 24 ಮೀಟರ್ 98.6 ಸೆಂಟಿಮೀಟರ್‌ಗೆ ಇಳಿಯುತ್ತದೆ. ಸ್ಪರ್ಧೆಯ ಕೊಳ 25 ಮೀಟರಿಗಿಂತ ಒಂದು ಕೂದಲೆಳೆಯಷ್ಟೂ ಕಡಿಮೆ ಇರಬಾರದು. ಹೆಚ್ಚಿದ್ದರೆ ತುಸು ನಡೆಯುತ್ತದೆ. ಅಂತರರಾಷ್ಟ್ರೀಯ ಈಜು ನಿಯಮ ಹೇಳುವುದೂ ಅದನ್ನೇ. ಇಲ್ಲಿ ಈಜುವ ಮಕ್ಕಳ ಟೈಮಿಂಗ್ ಲೆಕ್ಕಕ್ಕೆ ಬರಬೇಕಾದರೆ ಹಳೆಯ ಟೈಲ್ಸ್ ಹೋಗಲೇಬೇಕು.

ಈ ಮಿಲಿಮೀಟರುಗಳ ಕಥೆ ಗೊತ್ತಿದ್ದವರಿಗೆ ಮ್ಯೂನಿಕ್ ನೆನಪಾಗುತ್ತದೆ. 1972ರ ಒಲಿಂಪಿಕ್ಸ್‌ನ 400 ಮೀಟರ್ ಮೆಡ್ಲೆಯಲ್ಲಿ ಸ್ವೀಡನ್ನಿನ ಗುನ್ನಾರ್ ಲಾರ್ಸನ್ ಅಮೆರಿಕದ ಟಿಮ್ ಮೆಕೀಯನ್ನು ಸೋಲಿಸಿದ್ದು ಸೆಕೆಂಡಿನ ಸಾವಿರದಲ್ಲಿ ಎರಡು ಪಾಲಿನ ಅಂತರದಲ್ಲಿ: 4 ನಿಮಿಷ 31.981 ಸೆಕೆಂಡು, ಇನ್ನೊಬ್ಬನದು 31.983. ಆ ವೇಗದಲ್ಲಿ ಅಷ್ಟು ಹೊತ್ತಿಗೆ ಸಾಗುವ ದೂರ ಮೂರು ಮಿಲಿಮೀಟರ್. ನಿಮ್ಮ ಕಾಲ ಬಳಿ ಬಿದ್ದಿರುವ ಟೈಲ್ಸ್ ಚೂರು ಅದರ ಎರಡೂವರೆ ಪಟ್ಟು ದಪ್ಪವಿದೆ. ಒಂದು ಲೇನಿನ ಗೋಡೆಯಲ್ಲಿ ಅಂಟು ತುಸು ದಪ್ಪ ಬಿದ್ದಿದ್ದರೂ ಫಲಿತಾಂಶ ತಿರುಗಬಹುದಿತ್ತು. ಆಮೇಲೆ ಈಜಿನಲ್ಲಿ ನೂರನೇ ಒಂದು ಸೆಕೆಂಡಿಗಿಂತ ಸಣ್ಣದಾಗಿ ಅಳೆಯುವುದನ್ನು ಕೈಬಿಟ್ಟರು. ಗಡಿಯಾರವನ್ನು ಎಷ್ಟು ಚುರುಕು ಮಾಡಿದರೇನು, ಗೋಡೆ ಕಟ್ಟಿದವನು ಕರಣೆ ಹಿಡಿದ ಮನುಷ್ಯ.

ಮೂಲೆಯಿಂದ ಮೂಲೆಗೆ ಟೇಪು ಹಿಡಿಯುತ್ತೀರಿ. ಒಂದು ಕರ್ಣ 27 ಮೀಟರ್ 95 ಸೆಂಟಿಮೀಟರ್, ಇನ್ನೊಂದು 97. ಎರಡೂ ಒಂದೇ ಇದ್ದಿದ್ದರೆ ಮೂಲೆಗಳು ಸರಿಯಾದ ಮೂಲೆಮಟ್ಟದಲ್ಲಿವೆ ಎಂದಾಗುತ್ತಿತ್ತು. ಎರಡು ಸೆಂಟಿಮೀಟರಿನ ಈ ವ್ಯತ್ಯಾಸದಿಂದ ವಿಸ್ತೀರ್ಣಕ್ಕೆ ಏನೂ ಆಗುವುದಿಲ್ಲ. ಆದರೆ ಮೇಸ್ತ್ರಿಯ ಮುಖ ಸಣ್ಣಗಾಗುತ್ತದೆ. ಟೈಲ್ಸ್ ಸಾಲು ಒಂದು ಗೋಡೆಗೆ ನೇರವಾದರೆ ಪಕ್ಕದ ಗೋಡೆಗೆ ಓರೆಯಾಗುತ್ತದೆ, ಕೊನೆಯ ಸಾಲಿನಲ್ಲಿ ಒಂದು ಕಡೆ ಅಗಲ, ಒಂದು ಕಡೆ ಬರೀ ಸೀಳು. ನೀರು ತುಂಬಿದ ಮೇಲೂ ಅದು ಕಾಣುತ್ತದೆ. "ನಡು ಮಧ್ಯ ದಾರ ಕಟ್ಟಿ ಎರಡೂ ಕಡೆಗೆ ಹಂಚ್ಬೇಕು" ಎಂದು ತಮಗೆ ತಾವೇ ಹೇಳಿಕೊಳ್ಳುತ್ತಾರೆ.

ಈಗ ಆಳ. ಹುಡುಗ ಉದ್ದಗೋಡೆಯ ಮೇಲೆ ಮೀಟರಿಗೊಂದು ಸೀಮೆಸುಣ್ಣದ ಗೀಟು ಎಳೆದಿದ್ದಾನೆ. ಗೀಟಿನಿಂದ ಗೀಟಿಗೆ ಸರಿಯುತ್ತ ಅಂಚಿನಿಂದ ನೆಲಕ್ಕೆ ಟೇಪು ಇಳಿಬಿಟ್ಟು ಕೂಗುತ್ತಾನೆ. ಶುರುವಿನಲ್ಲಿ 1 ಮೀಟರ್ 20. ಐದನೇ ಗೀಟಿನಲ್ಲಿ 1.30. ಹತ್ತರಲ್ಲಿ 1.40. ಹದಿನೈದರಲ್ಲಿ 1.50. "ಇಲ್ಲಿಂದ ಇಳೀತೈತ್ರಿ ಮೇಸ್ತ್ರಿ" ಎಂಬ ದನಿ ಬರುತ್ತದೆ. ಹದಿನಾರಕ್ಕೆ 1.70, ಹದಿನೇಳಕ್ಕೆ 1.90, ಹದಿನೆಂಟಕ್ಕೆ 2.10, ಹತ್ತೊಂಬತ್ತಕ್ಕೆ 2.30, ಇಪ್ಪತ್ತಕ್ಕೆ ಎರಡೂವರೆ. ಅಲ್ಲಿಂದ ಕೊನೆಯ ತನಕ ಎರಡೂವರೆಯೇ.

ಶಾಲೆಯಲ್ಲಿ ಗಣಿತ ಕಲಿತ ಯಾರಿಗಾದರೂ ಇಲ್ಲಿ ಮೊದಲು ಹೊಳೆಯುವುದು ಓರೆ ನೆಲ. ಓರೆಯಾಗಿರುವುದರಿಂದ ನೆಲದ ಉದ್ದ 25 ಮೀಟರಿಗಿಂತ ಹೆಚ್ಚು, ಪೈಥಾಗರಸ್ ಬೇಕು, ವರ್ಗಮೂಲ ಬೇಕು. ಎಂಜಿನಿಯರ್ ಮೊಬೈಲಿನಲ್ಲಿ ಒತ್ತುತ್ತಾಳೆ. ಮೊದಲ ಹದಿನೈದು ಮೀಟರಿನಲ್ಲಿ ನೆಲ ಇಳಿಯುವುದು 30 ಸೆಂಟಿಮೀಟರ್. ಓರೆಯ ಉದ್ದ 15.003 ಮೀಟರ್. ಎಂದರೆ ಮೂರು ಮಿಲಿಮೀಟರ್ ಹೆಚ್ಚು. ಆಗ ಟೇಪು ಜೋತಾಗ ಆದ ತಪ್ಪೇ ಇದಕ್ಕಿಂತ ದೊಡ್ಡದು. ಕಡಿದಾದ ಐದು ಮೀಟರಿನಲ್ಲಿ ಇಳಿತ ಒಂದು ಮೀಟರ್. 26ರ ವರ್ಗಮೂಲ, 5.099. ಅವಳು ಒತ್ತಿ ಮುಗಿಸುವುದರೊಳಗೆ ಮೇಸ್ತ್ರಿ ನೆಲಕ್ಕೇ ಟೇಪು ಹಾಸಿ ಬೆರಳಿಟ್ಟು ತೋರಿಸುತ್ತಾರೆ: 5 ಮೀಟರ್ 10. ಕೊನೆಯ ಐದು ಮಟ್ಟ. ಒಟ್ಟು 25.10, ಅಗಲದಿಂದ ಗುಣಿಸಿದರೆ 313.8 ಚದರ ಮೀಟರ್.

ಮುಚ್ಚಳದ ಲೆಕ್ಕ 312.5 ಇತ್ತು. ಇಷ್ಟೆಲ್ಲ ವಾಟಕ್ಕೆ ಹೆಚ್ಚಾದದ್ದು ಒಂದೂಕಾಲು ಚದರ ಮೀಟರ್, ಹದಿನಾಲ್ಕು ಚದರಡಿ. ಈ ಊರಿನ ಒಂದು ಸಣ್ಣ ಬಚ್ಚಲಮನೆಯ ನೆಲಕ್ಕೂ ಸಾಲದು. ಪರೀಕ್ಷೆಯ ಪ್ರಶ್ನೆಪತ್ರಿಕೆಗಳು ನಮ್ಮನ್ನು ಕರ್ಣದ ಬೆನ್ನು ಹತ್ತಿಸಿ ಕಳಿಸುತ್ತವೆ. ಹಣ ಸೋರುವುದು ಬೇರೆ ಕಡೆ.

ಗೋಡೆಗಳಿಗೆ ಬನ್ನಿ. ಉದ್ದಗೋಡೆಯನ್ನು ಒಂದೇ ಆಕಾರವೆಂದು ನೋಡಬೇಡಿ, ಅದು ಮೂರು ತುಂಡು. ಮೊದಲನೆಯದು ಹದಿನೈದು ಮೀಟರ್ ಉದ್ದ, ಒಂದು ಕಡೆ 1.20 ಎತ್ತರ, ಇನ್ನೊಂದು ಕಡೆ 1.50, ಎರಡರ ಸರಾಸರಿ 1.35, ಗುಣಿಸಿದರೆ 20.25 ಚದರ ಮೀಟರ್. ಎರಡನೆಯದು ಐದು ಮೀಟರ್, 1.50ರಿಂದ 2.50ಕ್ಕೆ, ಸರಾಸರಿ 2. ಹತ್ತು ಚದರ ಮೀಟರ್. ಮೂರನೆಯದು ಐದು ಇಂಟು ಎರಡೂವರೆ, ಹನ್ನೆರಡೂವರೆ. ಒಟ್ಟು 42.75. ಎದುರಿನದೂ ಅಷ್ಟೇ. ಎರಡು ಸೇರಿ 85.5. ತುದಿಗೋಡೆಗಳು ಬರೀ ಆಯತ: 15 ಮತ್ತು 31.25.

ಕ್ಲಬ್ಬಿನ ಹಳೆಯ ಕಡತದ ಜೆರಾಕ್ಸ್ ಒಂದನ್ನು ಎಂಜಿನಿಯರ್ ತಂದಿದ್ದಾಳೆ. ಅದರಲ್ಲಿ ಯಾರೋ ಸುಲಭದ ದಾರಿ ಹಿಡಿದಿದ್ದಾರೆ. ಕಡಿಮೆ ಆಳ 1.20, ಹೆಚ್ಚು ಆಳ 2.50, ಸರಾಸರಿ 1.85, ಮುಗಿಯಿತು. ಆ ಲೆಕ್ಕದಲ್ಲಿ ಉದ್ದಗೋಡೆ ಒಂದಕ್ಕೆ 46.25 ಚದರ ಮೀಟರ್. ಎರಡು ಗೋಡೆಗೆ ಏಳು ಚದರ ಮೀಟರ್ ಜಾಸ್ತಿ. ಎಪ್ಪತ್ತೈದು ಚದರಡಿ ಟೈಲ್ಸ್ ದಂಡ ಎನ್ನಿ, ಹೋಗಲಿ. ಅದೇ ಸರಾಸರಿಯಿಂದ ನೀರಿನ ಲೆಕ್ಕ ಹಾಕಿದರೆ ಕೊಳಕ್ಕೆ 578 ಘನ ಮೀಟರ್ ಹಿಡಿಯಬೇಕು. ನಿಜಕ್ಕೂ ಹಿಡಿಯುವುದು 42.75 ಇಂಟು 12.5, ಎಂದರೆ 534 ಘನ ಮೀಟರ್, 5,34,000 ಲೀಟರ್. ನಡುವಿನ ಅಂತರ 44,000 ಲೀಟರಿನ ಹತ್ತಿರ. ಆರು ಸಾವಿರ ಲೀಟರಿನ ಟ್ಯಾಂಕರ್ ಏಳು. 2024ರ ಮಾರ್ಚಿನಲ್ಲಿ ಬೆಂಗಳೂರು ಜಲಮಂಡಳಿ ಈಜುಕೊಳಗಳಿಗೆ ಕುಡಿಯುವ ನೀರು ಬಳಸಕೂಡದೆಂದು ನಿಷೇಧ ಹಾಕಿ 5,000 ರೂಪಾಯಿ ದಂಡ ಗೊತ್ತುಮಾಡಿತ್ತು. ಅಂಥ ಊರಿನಲ್ಲಿ ಇಲ್ಲದ ಏಳು ಟ್ಯಾಂಕರ್ ನೀರು ಒಂದು ಕಡತದಲ್ಲಿ ವರ್ಷಗಟ್ಟಲೆ ಇತ್ತು. ಕ್ಲೋರಿನ್ ಕೂಡ ಘನ ಮೀಟರಿಗೆ ಇಷ್ಟು ಗ್ರಾಂ ಎಂದು ಲೆಕ್ಕ ಹಾಕಿಯೇ ಹಾಕುವುದು. ಇಲ್ಲದ ನೀರಿಗೂ ಸೇರಿಸಿ ಹಾಕುತ್ತಿದ್ದರು ಎಂದಾಯಿತು.

ಸರಾಸರಿಯ ಈ ಮೋಸ ಹೊಸದಲ್ಲ. ಒಂಬತ್ತನೇ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ ಬರೆದ 'ಗಣಿತಸಾರಸಂಗ್ರಹ'ದಲ್ಲಿ ಮಹಾವೀರಾಚಾರ್ಯ ಅಗೆದ ಗುಂಡಿಗಳಿಗೇ ಒಂದು ಅಧ್ಯಾಯ ಮೀಸಲಿಟ್ಟಿದ್ದಾನೆ. ಮೇಲೆ ಅಗಲ, ಕೆಳಗೆ ಕಿರಿದು ಇರುವ ಕೆರೆಯಂಥ ತೋಡು ಎಂದಿಟ್ಟುಕೊಳ್ಳಿ. ಮೇಲಿನ ಕೆಳಗಿನ ಅಳತೆಗಳನ್ನು ಸರಾಸರಿ ಮಾಡಿ ಗುಣಿಸಿದರೆ ಒಂದು ಅಂದಾಜು ಬರುತ್ತದೆ. ಅದಕ್ಕೆ ಅವನು ಕೊಡುವ ಹೆಸರು ಕರ್ಮಾಂತಿಕ. ಮೇಲಿನ ಕೆಳಗಿನ ವಿಸ್ತೀರ್ಣಗಳನ್ನು ಸರಾಸರಿ ಮಾಡಿದರೆ ಇನ್ನೊಂದು ಅಂದಾಜು, ಔಂಡ್ರ. ಒಂದು ಕಡಿಮೆ ಬರುತ್ತದೆ, ಇನ್ನೊಂದು ಹೆಚ್ಚು. ಎರಡರ ವ್ಯತ್ಯಾಸದ ಮೂರನೇ ಒಂದು ಪಾಲನ್ನು ಕರ್ಮಾಂತಿಕಕ್ಕೆ ಸೇರಿಸಿದರೆ ಸೂಕ್ಷ್ಮ ಫಲ. ಇವತ್ತಿನ ಬೀಜಗಣಿತ ಹಿಡಿದು ಪರೀಕ್ಷಿಸಿದರೂ ಅದು ಅಂದಾಜಲ್ಲ, ಕರಾರುವಾಕ್ಕು. ಆ ಜೆರಾಕ್ಸ್ ಬರೆದವರು ನೃಪತುಂಗನ ಮಾನ್ಯಖೇಟಕ್ಕೆ ಹೋಗಬೇಕಿರಲಿಲ್ಲ ಬಿಡಿ, ಹದಿನೈದನೇ ಗೀಟಿನ ತನಕ ನಡೆದಿದ್ದರೆ ಸಾಕಿತ್ತು.

ಬಿಸಿಲು ಪಶ್ಚಿಮದ ಗೋಡೆಯ ಅರ್ಧದ ತನಕ ಇಳಿದಿದೆ. ಚಹಾ ಬರುತ್ತದೆ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಸಿಕೊಂಡು ಬಂದದ್ದು. ಕುಡಿಯಲು ಎಲ್ಲರೂ ಕೂರುವುದು ಮೂಲೆಯ ಮೆಟ್ಟಿಲುಗಳ ಮೇಲೆ. ಎಂಜಿನಿಯರಿಗೆ ಆಗ ಮೆಟ್ಟಿಲು ನೆನಪಾಗುತ್ತದೆ. ಎರಡು ಮೀಟರ್ ಅಗಲ, ಒಂದೊಂದು 30 ಸೆಂಟಿಮೀಟರ್ ಎತ್ತರ, 30 ಸೆಂಟಿಮೀಟರ್ ಹಾಸು. ಮೆಟ್ಟಿಲಿನ ಹಾಸು, ಮುಖ, ಪಕ್ಕ, ಎಲ್ಲ ಸೇರಿಸಿ ಬೇರೆ ಲೆಕ್ಕ ಹಾಕಬೇಕೆಂದು ಅವಳು ಶುರುಮಾಡುತ್ತಾಳೆ.

"ಬ್ಯಾಡಿ ಮೇಡಂ, ಮೆಟ್ಲಿಗೆ ಮಾಲ್ ಜಾಸ್ತಿ ಬೇಡ."

"ಇಷ್ಟೊಂದು ಮೂಲೆ ಇದೆಯಲ್ಲ ಮೇಸ್ತ್ರಿ?"

"ಮೇಲಿಂದ ನೋಡಿ."

ಅವಳು ಲೋಟ ಹಿಡಿದೇ ದಂಡೆ ಹತ್ತಿ ಕೆಳಗೆ ನೋಡುತ್ತಾಳೆ. ನೀವೂ ನೋಡಿ. ನೆಟ್ಟಗೆ ಮೇಲಿನಿಂದ ನೋಡಿದರೆ ಮೆಟ್ಟಿಲಿನ ಹಾಸುಗಳೆಲ್ಲ ಸೇರಿ ತಮ್ಮ ಅಡಿಯಲ್ಲಿ ಅಡಗಿದ ನೆಲದಷ್ಟೇ ಜಾಗ ತುಂಬುತ್ತವೆ, ಹೆಚ್ಚಿಲ್ಲ, ಕಮ್ಮಿಯಿಲ್ಲ. ಎದುರಿನಿಂದ ನೋಡಿದರೆ ಮುಖಗಳೆಲ್ಲ ಸೇರಿ ಹಿಂದೆ ಮುಚ್ಚಿಹೋದ ತುದಿಗೋಡೆಯಷ್ಟೇ. ಪಕ್ಕದಿಂದ ನೋಡಿದರೆ ಮೆಟ್ಟಿಲಿನ ಹೊರಮೈ, ಆಚೆ ಮುಚ್ಚಿಹೋದ ಉದ್ದಗೋಡೆಯ ಭಾಗದಷ್ಟೇ. ಮೂಲೆಯಲ್ಲಿ ಕೂತ ಮೆಟ್ಟಿಲು ಎಷ್ಟನ್ನು ಮುಚ್ಚುತ್ತದೋ ಅಷ್ಟನ್ನೇ ತಿರುಗಿ ಕೊಡುತ್ತದೆ. ಮೂರು ಇರಲಿ, ಮೂವತ್ತಿರಲಿ, ಚದರಡಿ ಬದಲಾಗುವುದಿಲ್ಲ. ಅದೇ ಮೆಟ್ಟಿಲನ್ನು ತುದಿಗೋಡೆಯ ನಡುವೆ ಕಟ್ಟಿದ್ದರೆ ಕಥೆ ಬೇರೆ. ಆಗ ಎರಡು ಪಕ್ಕಗಳು ಹೊಸದಾಗಿ ಲೆಕ್ಕಕ್ಕೆ ಬರುತ್ತಿದ್ದವು. ಎಂಜಿನಿಯರ್ ಬೆರಳು ಮಡಿಸುತ್ತ ಎರಡು ಸಲ ಪರೀಕ್ಷಿಸಿ ನೋಡಿ ಪೆನ್ನು ಕಿವಿಗೆ ಸಿಕ್ಕಿಸಿಕೊಳ್ಳುತ್ತಾಳೆ.

"ಮಾಲ್ ಜಾಸ್ತಿ ಇಲ್ಲ, ಕೂಲಿ ಜಾಸ್ತಿ" ಎಂದು ಮೇಸ್ತ್ರಿ ಬಿಡದೆ ಸೇರಿಸುತ್ತಾರೆ. ಪ್ರತಿ ಅಂಚಿಗೂ ನೋಸಿಂಗ್ ಬೇಕು, ಅಂಚು ದುಂಡಗಿರಬೇಕು, ಇಲ್ಲವಾದರೆ ಮಕ್ಕಳ ಮೊಣಕಾಲು ಕೊಯ್ಯುತ್ತದೆ. ಅದಕ್ಕೆ ಚದರಡಿಯ ದರ ಅಲ್ಲ, ರನ್ನಿಂಗ್ ಫೀಟಿನ ದರ.

ಮೆಟ್ಟಿಲಿನ ಈ ಲೆಕ್ಕವನ್ನು ಹಂಪಿಗೆ ಹೋದಾಗ ಕಣ್ಣಾರೆ ನೋಡಬಹುದು. ರಾಜರ ಆವರಣದಲ್ಲಿ 1980ರ ದಶಕದ ಉತ್ಖನನದಲ್ಲಿ ಬೆಳಕಿಗೆ ಬಂದ ಪುಷ್ಕರಣಿ ಐದು ಹಂತಗಳಲ್ಲಿ ಕೆಳಗಿಳಿಯುತ್ತದೆ. ಹಂತಹಂತಕ್ಕೂ ಸಣ್ಣ ಸಣ್ಣ ಮೆಟ್ಟಿಲುಗಳ ಜೋಡಣೆ. ನೋಡಿದವರ ಕಣ್ಣು ಎಣಿಸಲಾಗದೆ ಸೋಲುತ್ತದೆ. ಆದರೂ ಅಲ್ಲಿನ ಮಟ್ಟಸ ಹಾಸುಗಲ್ಲುಗಳ ಒಟ್ಟು ವಿಸ್ತೀರ್ಣ ಎಷ್ಟೆಂದರೆ ಬಾಯಿಯಷ್ಟೇ. ಮೇಲಂಚಿನ ಉದ್ದ ಅಗಲ ಗುಣಿಸಿದರೆ ಮುಗಿಯಿತು. ಆ ಕಪ್ಪು ಕಲ್ಲುಗಳ ಮೇಲೆ ಯಾವ ದಿಕ್ಕು, ಯಾವ ಸಾಲು, ಸಾಲಿನಲ್ಲಿ ಎಷ್ಟನೆಯದು ಎಂಬ ಗುರುತುಗಳನ್ನು ಕೊರೆದಿದ್ದಾರೆ. ಕಲ್ಲನ್ನು ಬೇರೆಡೆ ಕೆತ್ತಿ ತಂದು ಇಲ್ಲಿ ಜೋಡಿಸಿದ್ದರ ಗುರುತು ಅದು. ಎಷ್ಟು ಕಲ್ಲು ಬೇಕೆಂದು ಮೊದಲೇ ಲೆಕ್ಕ ಹಾಕದೆ ಅಂಥ ಕೆಲಸಕ್ಕೆ ಕೈ ಹಾಕಲಾಗದು. ಅಲ್ಲೂ ಒಬ್ಬ ಮೇಸ್ತ್ರಿ ಮೇಲಿಂದ ನೋಡಿ ಎಂದು ಹೇಳಿರಬಹುದು.

ಚಹಾ ಮುಗಿಯಿತು. ಕೂಡಿಸಿ: ನೆಲ 313.8, ಉದ್ದಗೋಡೆಗಳು 85.5, ತುದಿಗೋಡೆಗಳು 46.25. ಒಟ್ಟು 445.5 ಚದರ ಮೀಟರ್. ಎಂಜಿನಿಯರ್ ಅಡಿಗೆರೆ ಎಳೆಯುವಷ್ಟರಲ್ಲಿ ಮೇಸ್ತ್ರಿ ದಂಡೆಯ ಮೇಲಿನ ಪ್ಲಾಸ್ಟಿಕ್ ಜಾಲರಿಯನ್ನು ಕಾಲಿನಿಂದ ತಟ್ಟುತ್ತಾರೆ. ಜಾಲರಿಯ ಕೆಳಗೆ ಗಟರ್. ಕೊಳ ತುಂಬಿದಾಗ ಉಕ್ಕಿದ ನೀರು ಬಿದ್ದು ಫಿಲ್ಟರಿಗೆ ಹೋಗುವ ಕಾಲುವೆ ಅದು, ಸುತ್ತಲೂ ಇದೆ. ಹುಡುಗ ಒಂದು ತುಂಡು ಜಾಲರಿ ಎತ್ತುತ್ತಾನೆ. ಒಳಗೆ ಎಲೆ, ಒಂದು ಹರಿದ ಈಜುಕನ್ನಡಕ, ತಲೆಗೂದಲಿನ ಗಂಟು. ಅದರ ಕೆಳಗೆ ಟೈಲ್ಸ್. ತಳ 30 ಸೆಂಟಿಮೀಟರ್, ಎರಡು ಪಕ್ಕ ಇಪ್ಪತ್ತಿಪ್ಪತ್ತು. ಟೇಪನ್ನು ಮಡಿಸಿ ಒತ್ತಿ ಹಿಡಿದರೆ ಸುತ್ತಳತೆ 70 ಸೆಂಟಿಮೀಟರ್.

ಕೊಳದ ಸುತ್ತು 75 ಮೀಟರ್. 75 ಇಂಟು 0.7, ಐವತ್ತೆರಡೂವರೆ ಚದರ ಮೀಟರ್. ನೀವು ಬರೆದದ್ದನ್ನು ಮತ್ತೊಮ್ಮೆ ನೋಡುತ್ತೀರಿ. ಇಡೀ ಉದ್ದಗೋಡೆ ಒಂದಕ್ಕೆ 42.75 ಇತ್ತು. ಜಾಲರಿಯಡಿ ಯಾರ ಕಣ್ಣಿಗೂ ಬೀಳದ ಈ ಕಾಲುವೆ ಅದಕ್ಕಿಂತ ಹತ್ತು ಚದರ ಮೀಟರ್ ಹೆಚ್ಚು ತಿನ್ನುತ್ತದೆ. ಓರೆ ನೆಲದ ಒಂದೂಕಾಲು ಚದರ ಮೀಟರಿಗೆ ವರ್ಗಮೂಲ ಹುಡುಕಿದವರು ಇದನ್ನು ಬಿಟ್ಟುಬಿಡುತ್ತಿದ್ದರು.

ಈಗ 498. ಚದರಡಿಯಲ್ಲಿ 5,360. ಕಾರ್ಯದರ್ಶಿಯವರ 3,362ಕ್ಕಿಂತ ಎರಡು ಸಾವಿರ ಚದರಡಿ ಜಾಸ್ತಿ. ಅವರದು ಸುಳ್ಳು ಲೆಕ್ಕವೇನಲ್ಲ. ನೀರು ಎಷ್ಟು ಆವಿಯಾಗುತ್ತದೆ ಎಂದು ಕೇಳಿದರೆ ಮುಚ್ಚಳದ ಲೆಕ್ಕವೇ ಸರಿ. ಗೋಡೆಗೂ ನೆಲಕ್ಕೂ ಅಲ್ಲಿ ಕೆಲಸವಿಲ್ಲ. 312.5 ಚದರ ಮೀಟರ್ ಮೇಲ್ಮೈಯಿಂದ ಒಂದು ಮಿಲಿಮೀಟರ್ ಇಳಿದರೆ 312 ಲೀಟರ್ ಹೋಯಿತು. ಬೇಸಿಗೆಯಲ್ಲಿ ದಿನಕ್ಕೆ ಐದು ಮಿಲಿಮೀಟರ್ ಇಳಿಯಿತು ಎನ್ನಿ, ಒಂದೂವರೆ ಸಾವಿರ ಲೀಟರಿನ ಮೇಲಾಯಿತು. ಅದು ಆವಿಯೋ ಸೋರಿಕೆಯೋ ಎಂದು ತಿಳಿಯುವ ಉಪಾಯವನ್ನು ಮೇಸ್ತ್ರಿ ಹೇಳುತ್ತಾರೆ. ಮೆಟ್ಟಿಲ ಮೇಲೆ ಒಂದು ಬಕೆಟ್ ಇಡಿ, ಕೊಳದ ಮಟ್ಟಕ್ಕೇ ಅದರೊಳಗೂ ನೀರು ತುಂಬಿ, ಎರಡಕ್ಕೂ ಗೀಟು ಹಾಕಿ. ಪಂಪು ನಿಲ್ಲಿಸಿ ಒಂದು ದಿನ ಬಿಟ್ಟು ನೋಡಿ. ಬಕೆಟ್ಟಿಗೂ ಕೊಳಕ್ಕೂ ಬಿಸಿಲು ಒಂದೇ, ಗಾಳಿ ಒಂದೇ. ಕೊಳ ಬಕೆಟ್ಟಿಗಿಂತ ಹೆಚ್ಚು ಇಳಿದಿದ್ದರೆ ಆ ಹೆಚ್ಚಿನದು ನೆಲಕ್ಕೆ ಹೋಗುತ್ತಿದೆ. ಎಷ್ಟು ಲೀಟರ್ ಎಂದು ತಿಳಿಯಲು ಮತ್ತೆ ಅದೇ 312.5ರಿಂದ ಗುಣಿಸಿ.

ಟೈಲ್ಸ್ ತರುವ ಮುನ್ನ ಇನ್ನೊಂದು ಕಳೆಯುವ ಲೆಕ್ಕವಿದೆ. ಪ್ರತಿ ಲೇನಿನ ನಟ್ಟನಡುವಿನ ಕರಿಗೆರೆ. ಗೋಡೆಯಿಂದ ಎರಡು ಮೀಟರ್ ಈಚೆಗೆ ನಿಲ್ಲುವುದರಿಂದ ಗೆರೆಯ ಉದ್ದ 21 ಮೀಟರ್, ಅಗಲ ಇಲ್ಲಿ 25 ಸೆಂಟಿಮೀಟರ್, ಆರು ಗೆರೆ, 31.5 ಚದರ ಮೀಟರ್. ತುದಿಯ ಅಡ್ಡಪಟ್ಟಿಗಳು ಬೇರೆ. ಅಷ್ಟನ್ನು ನೀಲಿಯಿಂದ ಕಳೆದು ಕಪ್ಪಿಗೆ ಕೂಡಿಸಬೇಕು. ಕೂಡಿಸಲು ಮರೆತು ನೀಲಿ ಉಳಿದು ಕಪ್ಪು ಸಾಲದೆ, ಆಮೇಲೆ ತಂದ ಕಪ್ಪಿನ ಬಣ್ಣ ಒಂದು ಛಾಯೆ ಬೇರೆಯಾಗಿರುವ ಕೊಳಗಳನ್ನು ನೋಡಿಲ್ಲವೆಂದರೆ ನೀವು ಈಜುವಾಗ ಕಣ್ಣು ಮುಚ್ಚಿಕೊಳ್ಳುವವರಿರಬೇಕು. ಒಡೆಯುವುದಕ್ಕೆ, ಕತ್ತರಿಸುವುದಕ್ಕೆ ನೂರಕ್ಕೆ ಏಳು. "ಐನೂರ ಮೂವತ್ತೈದು ಮಾಡ್ಕಳಿ" ಎಂದು ಮೇಸ್ತ್ರಿ ಮುಗಿಸುತ್ತಾರೆ. ಜಲನಿರೋಧಕ ಬಳಿಯುವವನ ಲೆಕ್ಕ ಮತ್ತೆ ಬೇರೆ: ಅವನಿಗೆ ವೇಸ್ಟೇಜ್ ಇಲ್ಲ, ಆದರೆ ಎರಡು ಕೋಟು, ಎಂದರೆ 498ರ ಎರಡರಷ್ಟು.

ನೆಲ ಕಾಯತೊಡಗಿದೆ. ಉಳಿದಿರುವುದು ಆಚೆಗಿನ ಮಕ್ಕಳ ಕೊಳ, ದುಂಡಗಿನದು. ಅದರ ನಡುಬಿಂದು ಎಲ್ಲಿದೆಯೆಂದು ಯಾರೂ ಗುರುತು ಹಾಕಿಟ್ಟಿಲ್ಲ. ಹುಡುಗ ಒಂದು ಕಡೆ ಟೇಪು ಒತ್ತಿ ಹಿಡಿಯುತ್ತಾನೆ. ನೀವು ಎದುರಂಚಿನಲ್ಲಿ ಎಡಕ್ಕೆ ಬಲಕ್ಕೆ ಸರಿಯುತ್ತೀರಿ. ಅಂಕಿ ಏರುತ್ತದೆ, ಏರುತ್ತದೆ, ಒಂದು ಕಡೆ ನಿಂತು ಇಳಿಯತೊಡಗುತ್ತದೆ. ಹೆಚ್ಚೆಂದರೆ 5 ಮೀಟರ್ 60. ಅದೇ ವ್ಯಾಸ. ಸುತ್ತಿಗೆ ಮೇಸ್ತ್ರಿ ದಾರ ಹಿಡಿಯುವುದಿಲ್ಲ, ಇಪ್ಪತ್ತೆರಡರಿಂದ ಗುಣಿಸಿ ಏಳರಿಂದ ಭಾಗಿಸುತ್ತಾರೆ, ಬಾಯಲ್ಲೇ: 17.60. ಆ ಸುತ್ತನ್ನು ವ್ಯಾಸದ ಕಾಲು ಭಾಗ 1.40ರಿಂದ ಗುಣಿಸಿದರೆ ನೆಲ, 24.64 ಚದರ ಮೀಟರ್.

ಎಂಜಿನಿಯರ್ ತನ್ನ ಪೈ ಆರ್ ಸ್ಕ್ವೇರ್ ಹಾಕಿ ನೋಡುತ್ತಾಳೆ, ಸರಿಯೇ ಬರುತ್ತದೆ. ಪರಿಧಿಯನ್ನು ವ್ಯಾಸದ ಕಾಲುಪಾಲಿನಿಂದ ಗುಣಿಸುವ ಈ ದಾರಿ 1150ರ 'ಲೀಲಾವತಿ'ಯದು. ಭಾಸ್ಕರಾಚಾರ್ಯ ಅಲ್ಲಿ ಪರಿಧಿಗೆ ಎರಡು ದಾರಿ ಕೊಡುತ್ತಾನೆ. ಸೂಕ್ಷ್ಮ ಬೇಕೆಂದರೆ 3927ರಿಂದ ಗುಣಿಸಿ 1250ರಿಂದ ಭಾಗಿಸಿ. ಸ್ಥೂಲ ಸಾಕೆಂದರೆ 22, 7, ಅದು ವ್ಯವಹಾರಕ್ಕೆ ಯೋಗ್ಯ. ಈ ಕೊಳಕ್ಕೆ ಸೂಕ್ಷ್ಮದ ದಾರಿಯಲ್ಲಿ 17.593 ಬರುತ್ತದೆ. ಏಳು ಮಿಲಿಮೀಟರ್ ವ್ಯತ್ಯಾಸ, ಎರಡು ಗ್ರೌಟ್ ಸಂದಿಗಳಲ್ಲಿ ಮುಚ್ಚಿಹೋಗುವಷ್ಟು.

"ಆಳ ಎಷ್ಟು ಅಂದೆ ತಮ್ಮಾ?"

"ಅರವತ್ತರಿ."

17.60 ಇಂಟು 0.60, ಗೋಡೆಗೆ 10.56. ನೆಲ ಸೇರಿ 35.2. ಆದರೆ ದುಂಡು ಗೋಡೆಗೆ ದೊಡ್ಡ ಟೈಲ್ಸ್ ಕೂರುವುದಿಲ್ಲ, ಹಾಳೆಯಲ್ಲಿ ಬರುವ ಸಣ್ಣ ಮೊಸಾಯಿಕ್ ಬೇಕು, ನೆಲದ ಅಂಚಿನ ತುಂಬ ಕತ್ತರಿಸುವ ಕೆಲಸ. ಇಲ್ಲಿಗೆ ನೂರಕ್ಕೆ ಏಳು ಸಾಲದು, ಹನ್ನೆರಡಾದರೂ ಹಿಡಿಯಬೇಕೆಂದು ಮೇಸ್ತ್ರಿ, ಹತ್ತು ಸಾಕೆಂದು ಎಂಜಿನಿಯರ್. ಇಬ್ಬರೂ ನಿಮ್ಮ ಕೈಯಲ್ಲಿರುವ ಪುಸ್ತಕದ ಕಡೆ ನೋಡುತ್ತಾರೆ. ನೀವು ಹನ್ನೊಂದು ಎಂದು ಬರೆಯುತ್ತೀರಿ.